ಮಕ್ಕಳಿಗೆಂದು ರಾತ್ರಿ ಎರಡನೇ ಅಡುಗೆ ಬೇಕಾಗಿಲ್ಲ

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ನಮ್ಮ ಕೋಲಾರದಲ್ಲಿ ಈಗ ಅಪರೂಪವಲ್ಲ. ಒಬ್ಬರು ನರಸಾಪುರದಿಂದಲೋ ವೇಮಗಲ್‌ನಿಂದಲೋ ಕಂಪನಿ ಬಸ್ಸಿನಲ್ಲಿ ಬಂದರೆ, ಇನ್ನೊಬ್ಬರು ಬೆಂಗಳೂರಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದು ಅಲ್ಲಿಂದ ಮನೆ ಸೇರುತ್ತಾರೆ. ಇಂಥ ಮನೆಗಳಲ್ಲಿ ರಾತ್ರಿಯ ಅಡುಗೆಗೆ ಸಿಗುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ದೊಡ್ಡವರಿಗೆ ಮುದ್ದೆ ಸಾರು ಆಗಬೇಕು, ಸೊಪ್ಪು ಕಂಡರೆ ಮುಖ ತಿರುಗಿಸುವ ಮಗುವಿಗೆ ಬೇರೆಯಾಗಿ ನೂಡಲ್ಸೋ ಸಕ್ಕರೆ ಉದುರಿಸಿದ ಚಪಾತಿಯೋ ಆಗಬೇಕು ಎಂಬುದು ರೂಢಿಯಾಗಿಬಿಟ್ಟಿದೆ. ಈ ಎರಡನೇ ಅಡುಗೆ ನಿಲ್ಲಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ದಣಿದು ಬಂದವರ ಉಳಿದ ಶಕ್ತಿಯನ್ನೂ ಅದು ಹೀರುತ್ತದೆ, ಮನೆಯ ಊಟದ ರುಚಿ ಹಿಡಿಯುವ ಅವಕಾಶವನ್ನು ಮಗುವಿನಿಂದ ಕಿತ್ತುಕೊಳ್ಳುತ್ತದೆ.

ಮಗು ಊಟಕ್ಕೆ ಒಲ್ಲೆ ಎನ್ನುವುದನ್ನು ನಾವು ಹಟ ಎಂದೇ ತಿಳಿಯುತ್ತೇವೆ. ಆದರೆ ಹುಟ್ಟಿದ ಮೊದಲ ವರ್ಷದಲ್ಲಿ ಸುಮಾರು ಮೂರು ಪಟ್ಟು ತೂಕವಾಗುವ ಮಗು, ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಎರಡು ಕಿಲೋ ಆಸುಪಾಸು ಮಾತ್ರ ಹೆಚ್ಚುತ್ತದೆ. ಬೆಳವಣಿಗೆಯ ವೇಗ ಇಳಿದಂತೆ ಹಸಿವೂ ಇಳಿಯುವುದು ಸಹಜ. ಇದರ ಜೊತೆಗೆ ಸುಮಾರು ಎರಡರಿಂದ ಆರು ವರ್ಷದವರೆಗೆ ಹೊಸ ತಿನಿಸಿನ ಬಗ್ಗೆ, ಅದರಲ್ಲೂ ಕಹಿ ಒಗರಿನ ಸೊಪ್ಪು ತರಕಾರಿಗಳ ಬಗ್ಗೆ, ಮಕ್ಕಳಿಗೆ ಒಂದು ಬಗೆಯ ಅಂಜಿಕೆ ಇರುತ್ತದೆ. ಮಕ್ಕಳ ಆಹಾರದ ಅಭಿರುಚಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಲಿಯಾನ್ ಬರ್ಚ್ ಮತ್ತು ಅವರ ನಂತರದವರು ಕಂಡುಕೊಂಡಂತೆ, ಒಂದು ಹೊಸ ತಿನಿಸನ್ನು ಮಗು ಒಪ್ಪಿಕೊಳ್ಳುವ ಮುನ್ನ ಅದನ್ನು ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕೂ ಹೆಚ್ಚು ಸಲ, ಬಾಯಿಗೆ ಇಟ್ಟುಕೊಂಡಿರಬೇಕಾಗುತ್ತದೆ. ಎರಡು ಸಲ ಬೇಡ ಎಂದ ಕೂಡಲೇ ಆ ಸೊಪ್ಪನ್ನು ಮಗುವಿನ ತಟ್ಟೆಯಿಂದಲೇ ತೆಗೆದುಬಿಟ್ಟರೆ ಆ ಪರಿಚಯ ಅಲ್ಲಿಗೇ ನಿಂತುಹೋಗುತ್ತದೆ.

ಹಾಗಾದರೆ ಖಾರದ ಸಾರನ್ನು ನಾಲ್ಕು ವರ್ಷದ ಮಗುವಿಗೆ ಬಡಿಸುವುದು ಹೇಗೆ ಎಂದು ಕೇಳುತ್ತೀರಿ. ನಮ್ಮ ಸೀಮೆಯ ಬಸ್ಸಾರಿನಲ್ಲೇ ಇದಕ್ಕೆ ಉತ್ತರವಿದೆ ಎಂದು ನಾನು ನಂಬಿದ್ದೇನೆ. ಅಲಸಂದೆಯನ್ನೋ ಹುರುಳಿಯನ್ನೋ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೆನೆಹಾಕಿದ್ದರೆ, ಅಥವಾ ನೆನೆಸುವ ಅಗತ್ಯವೇ ಇಲ್ಲದ ಹೆಸರುಕಾಳನ್ನು ತೆಗೆದುಕೊಂಡರೆ, ಸಂಜೆ ಕುಕ್ಕರ್ ಕೆಲವು ಕೂಗು ಕೂಗುವಷ್ಟರಲ್ಲಿ ಕಾಳು ಬೆಂದಿರುತ್ತದೆ. ಆಮೇಲೆ ದಂಟಿನ ಸೊಪ್ಪನ್ನೋ ಬೆರಕೆ ಸೊಪ್ಪನ್ನೋ ಸೇರಿಸಿ, ಉಪ್ಪು ಹಾಕಿ, ಮುಚ್ಚಳವಿಲ್ಲದೆ ಐದಾರು ನಿಮಿಷ ಬೇಯಿಸಿ ಬಸಿದರೆ ಒಂದು ಕಡೆ ಕಟ್ಟು, ಇನ್ನೊಂದು ಕಡೆ ಕಾಳು ಸೊಪ್ಪು ಸಿಗುತ್ತವೆ. ಈ ಹಂತದವರೆಗೆ ಪಾತ್ರೆಯಲ್ಲಿ ಖಾರದ ಸುಳಿವೇ ಇರುವುದಿಲ್ಲ. ಮಗುವಿನ ಪಾಲನ್ನು ಇಲ್ಲೇ ತೆಗೆದಿಡಬೇಕು. ಬೆಂದ ಕಾಳು ಸೊಪ್ಪಿಗೆ ಒಂದಿಷ್ಟು ಕಾಯಿತುರಿ, ಕಟ್ಟಿಗೆ ಚಿಟಿಕೆ ಜೀರಿಗೆ ಪುಡಿ, ಮೇಲೊಂದು ಚಮಚ ತುಪ್ಪ ಸೇರಿದರೆ ಮಗುವಿನ ಊಟ ಸಿದ್ಧ. ದೊಡ್ಡವರಿಗೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಕಾಯಿ, ಹುಣಸೆಹಣ್ಣನ್ನು ಒಂದು ಹಿಡಿ ಬೆಂದ ಕಾಳಿನೊಂದಿಗೆ ರುಬ್ಬಿ ಉಳಿದ ಕಟ್ಟಿಗೆ ಹಾಕಿ ಕುದಿಸಿ, ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಸಾರು ಪಲ್ಯ ಎರಡೂ ಆದವು. ಮಗು ತಿಂದದ್ದು ಮನೆಯವರೆಲ್ಲರೂ ತಿಂದ ಅಡುಗೆಯನ್ನೇ. ತಿಂಗಳುಗಳು ಕಳೆದಂತೆ ಅದರ ಪಾಲಿಗೆ ದೊಡ್ಡವರ ಸಾರನ್ನು ಅರ್ಧ ಸೌಟು, ಒಂದು ಸೌಟು ಎಂದು ಬೆರೆಸುತ್ತಾ ಹೋದರೆ ಖಾರವೂ ತಾನಾಗಿ ಅಭ್ಯಾಸವಾಗುತ್ತದೆ.

ಖಾರ ಬೀಳುವ ಮುಂಚೆ ತೆಗೆದಿಡುವ ಈ ಕ್ರಮ ಮಸ್ಸೊಪ್ಪಿಗೂ ಹೊಂದುತ್ತದೆ, ಉಪ್ಸಾರಿಗಂತೂ ಹೇಳಿಮಾಡಿಸಿದ ಹಾಗಿದೆ, ಏಕೆಂದರೆ ಅದರ ಖಾರವನ್ನು ಬೇರೆಯಾಗಿಯೇ ಅರೆದು ಬೇಕಾದವರು ಬೇಕಾದಷ್ಟು ಕಲಸಿಕೊಳ್ಳುತ್ತಾರೆ. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯನ್ನು ಬರೀ ಉಪ್ಪಿನಲ್ಲಿ ಬೇಯಿಸಿ ಕೊಟ್ಟರೆ ಬೇಡ ಎನ್ನುವ ಮಕ್ಕಳು ಕಡಿಮೆ. ನೆನೆದ ಅವರೆಕಾಳನ್ನು ಹಿತಕುವ ಕೆಲಸವನ್ನು ಮಕ್ಕಳ ಕೈಗೇ ಕೊಡಬೇಕು. ತಾವೇ ಸಿಪ್ಪೆಯಿಂದ ಚಿಮ್ಮಿಸಿದ ಬೇಳೆಯನ್ನು ತಟ್ಟೆಯಲ್ಲಿ ಹುಡುಕಿಕೊಂಡು ತಿನ್ನುವಾಗ ಅವರ ಮುಖದಲ್ಲಿರುವ ಸಂಭ್ರಮವನ್ನು ನೋಡುವುದೇ ಒಂದು ಸುಖ.

ಮುದ್ದೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಅಗಿಯದೆ ನುಂಗುವ ಊಟವಾದ್ದರಿಂದ ಚಿಕ್ಕ ಮಕ್ಕಳಿಗೆ ಅದು ಒಮ್ಮೆಲೇ ಒಗ್ಗುವುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮನೆಗಳಲ್ಲಿ ಅನ್ನ ಬೆರೆಸಿ ತೊಳಸುವ ಸಂಗಟಿ ಮೆತ್ತಗಿರುವುದರಿಂದ, ಅದನ್ನು ಗೋಲಿ ಗಾತ್ರದ ತುತ್ತು ಮಾಡಿ ತೆಳು ಸಾರಿನಲ್ಲಿ ಅದ್ದಿ ಕೊಡುವುದು ಒಳ್ಳೆಯ ಆರಂಭ. ಅದೂ ಆಗದಿದ್ದರೆ ಅದೇ ಹಿಟ್ಟಿನಲ್ಲಿ ರಾಗಿ ದೋಸೆ ಹುಯ್ಯಬಹುದು. ರಾಗಿಯನ್ನು ಬಿಡಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಆಸುಪಾಸು. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಬೇಕೆಂದು 2020ರ ಭಾರತೀಯ ಮಾನದಂಡ ಹೇಳುತ್ತದೆ. 30 ಗ್ರಾಂ ಹಿಟ್ಟಿನ ಒಂದು ಪುಟ್ಟ ಮುದ್ದೆಯಲ್ಲಿ ಇದರ ಸುಮಾರು ಐದನೇ ಒಂದು ಭಾಗ ಇರುತ್ತದೆ. ಸಾರಿಗೆ ಬೀಳುವ ನಮ್ಮ ಕೋಲಾರದ ಟೊಮೆಟೊದ ಸಿ ಜೀವಸತ್ವ, ಕಾಳು ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದಕ್ಕೆ ನೆರವಾಗುತ್ತದೆ. ಇಷ್ಟೆಲ್ಲವೂ ಒಂದೇ ತಟ್ಟೆಯಲ್ಲಿರುವಾಗ ಮೈದಾದ ನೂಡಲ್ಸಿಗೆ ಏಕೆ ಮೊರೆಹೋಗಬೇಕು?

ಇನ್ನು ಬಡಿಸಿದ ಮೇಲಿನ ಮಾತು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಅವರ ಸೂತ್ರವೊಂದು ನನಗೆ ಬಹಳ ಸರಿ ಎನ್ನಿಸಿದೆ. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕು ಎಂಬುದು ತಂದೆತಾಯಿಯ ತೀರ್ಮಾನ. ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ತೀರ್ಮಾನ. ನಮ್ಮ ಮನೆಗಳಲ್ಲಿ ಇದು ತಲೆಕೆಳಗಾಗಿದೆ. ಏನು ಮಾಡಬೇಕೆಂದು ಮಗುವನ್ನು ಕೇಳುತ್ತೇವೆ, ಮಾಡಿದ್ದನ್ನು ಎಷ್ಟು ತಿನ್ನಬೇಕೆಂದು ನಾವು ಹೇಳುತ್ತೇವೆ, ಕೊನೆಗೆ ಮೊಬೈಲ್ ತೋರಿಸಿ ಬಾಯಿಗೆ ತುರುಕುತ್ತೇವೆ. ‘ಸೂಪು ಮುಗಿಸು’ ಎಂದು ಒತ್ತಾಯಿಸಿದಾಗ ಮಕ್ಕಳು ಕುಡಿದದ್ದೂ ಕಡಿಮೆ, ಆ ಸೂಪಿನ ಬಗ್ಗೆ ಆಡಿದ ಮಾತೂ ಕಹಿ ಎಂದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ.

ಅಜ್ಜಿ ತಾತಂದಿರು ಇದನ್ನು ಒಪ್ಪುವುದು ಸುಲಭವಲ್ಲ. ‘ಮಗು ಹಸಿದುಕೊಂಡು ಮಲಗಿದ್ರೆ ನಿನಗೆ ನಿದ್ದೆ ಬರುತ್ತೇನಮ್ಮಾ?’ ಎಂದು ನಮ್ಮ ಅತ್ತೆಯವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ‘ಹಸಿದುಕೊಂಡು ಮಲಗೋದು ಬೇಡ ಅತ್ತೆ, ಅವನು ತಿನ್ನೋದು ಒಂದಾದರೂ ತಟ್ಟೆಯಲ್ಲಿ ಇದ್ದೇ ಇರುತ್ತೆ’ ಎಂದು ನಾನು ಹೇಳಿದೆ. ಮೊಸರನ್ನವೋ ಬಾಳೆಹಣ್ಣೋ ಯಾವುದಾದರೂ ಸರಿ, ಎಲ್ಲರಿಗೂ ಇಟ್ಟದ್ದರಲ್ಲೇ ಅದೂ ಇರಬೇಕು. ಸೊಪ್ಪನ್ನು ಬಿಟ್ಟು ಮೊಸರನ್ನವನ್ನಷ್ಟೇ ತಿಂದು ಎದ್ದರೆ ಬೈಯಬಾರದು, ಹೊಗಳಲೂಬಾರದು. ಆದರೆ ಅದಾದ ಮೇಲೆ ಒಲೆ ಹಚ್ಚಬಾರದು.

ರಾತ್ರಿ ಊಟದ ಅರ್ಧ ಸಮಸ್ಯೆ ಸಂಜೆ ಐದರಿಂದ ಏಳರ ನಡುವೆ ಹುಟ್ಟುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ. ಶಾಲೆಯಿಂದ ಬಂದ ಮಗುವಿಗೆ ಬಿಸ್ಕತ್ತು, ಅಂಗಡಿಯ ಚಿಪ್ಸ್, ವಾರದಲ್ಲೊಮ್ಮೆ ಬಂಗಾರಪೇಟೆ ಪಾನಿಪೂರಿ, ಇದೆಲ್ಲದರ ಮೇಲೆ ಏಳು ಗಂಟೆಗೆ ಒಂದು ದೊಡ್ಡ ಲೋಟ ಹಾಲು. ಹಾಲಿನ ಸೀಮೆಯವರಾದ ನಮಗೆ ಮಕ್ಕಳಿಗೆ ಹಾಲು ಎಷ್ಟು ಕೊಟ್ಟರೂ ಒಳ್ಳೆಯದೇ ಎಂಬ ಭಾವನೆಯಿದೆ. ಹಾಲು ಹೊಟ್ಟೆ ತುಂಬಿಸುತ್ತದೆ, ಆದರೆ ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ; ಊಟದ ಜಾಗವನ್ನು ಹಾಲೇ ಹಿಡಿದುಕೊಂಡರೆ ಮಗುವಿಗೆ ರಕ್ತಹೀನತೆ ಬರುವ ಸಂಭವವಿದೆ. ಹಾಲನ್ನು ಬೆಳಿಗ್ಗೆ ಕೊಡಿ. ಸಂಜೆ ಐದಕ್ಕೆ ಬೇಯಿಸಿದ ಗೆಣಸೋ ಒಂದು ಹಣ್ಣೋ ಕೊಟ್ಟು, ಆಮೇಲೆ ಊಟದವರೆಗೆ ನೀರು ಮಾತ್ರ ಸಾಕು. ಹಸಿದು ಕೂತ ಮಗುವಿಗೆ ಬಡಿಸುವುದು ಎಷ್ಟೋ ಸುಲಭ. ಊಟವನ್ನು ಏಳೂವರೆಯ ಒಳಗೆ ಹಾಕುವುದಕ್ಕೆ ಆದರೆ ಇನ್ನೂ ಒಳ್ಳೆಯದು, ನಿದ್ದೆಗಣ್ಣಿನ ಮಗು ಯಾವುದನ್ನೂ ತಿನ್ನುವುದಿಲ್ಲ.

ಇದೆಲ್ಲ ನಡೆಯುತ್ತಿದ್ದರೂ ಮಗುವಿನ ತೂಕ ಏರದಿದ್ದರೆ, ತುತ್ತು ನುಂಗುವಾಗ ಪದೇಪದೇ ಕೆಮ್ಮಿದರೆ, ಮೊದಲು ತಿನ್ನುತ್ತಿದ್ದುದನ್ನೂ ಒಂದೊಂದಾಗಿ ಬಿಡುತ್ತಾ ಬಂದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಅದು ಅಡುಗೆಮನೆಯಲ್ಲಿ ಬಗೆಹರಿಯುವ ವಿಷಯವಲ್ಲ.

ಮನೆಯಲ್ಲಿ ಒಲ್ಲೆ ಎಂದ ಅನ್ನ ಸಾರನ್ನೇ ಶಾಲೆಯ ಬಿಸಿಯೂಟದಲ್ಲಿ ಉಣ್ಣುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. 2024ರಿಂದ ಸರ್ಕಾರಿ ಶಾಲೆಗಳಲ್ಲಿ ಹಾಲಿನ ಜೊತೆ ಕೊಡುತ್ತಿರುವ ರಾಗಿ ಮಿಶ್ರಣವನ್ನೂ ಅವರು ಸಾಲಾಗಿ ಕೂತು ಕುಡಿಯುತ್ತಾರೆ. ಪಕ್ಕದಲ್ಲಿರುವವರು ತಿನ್ನುತ್ತಿರುವುದೇ ಅಲ್ಲಿ ದೊಡ್ಡ ಕಾರಣ. ತಮಗೆ ಬೇಡವಾದ ತರಕಾರಿಯನ್ನು ಇಷ್ಟಪಟ್ಟು ತಿನ್ನುವ ಮಕ್ಕಳ ಜೊತೆ ಕೂರಿಸಿದಾಗ, ಕೆಲವೇ ದಿನಗಳಲ್ಲಿ ಅದನ್ನೇ ಆಯ್ದುಕೊಳ್ಳಲು ತೊಡಗಿದ ಮಕ್ಕಳ ಬಗ್ಗೆ ಲಿಯಾನ್ ಬರ್ಚ್ 1980ರಲ್ಲೇ ಬರೆದಿದ್ದಾರೆ. ಹಾಗಾಗಿ ಮಗುವಿಗೆ ಮೊದಲು ಉಣಿಸಿ, ದೊಡ್ಡವರು ಆಮೇಲೆ ಟಿವಿ ಮುಂದೆ ತಟ್ಟೆ ಹಿಡಿದು ಕೂರುವುದು ಸರಿಯಲ್ಲ. ಬಸ್ಸಾರಿನ ಸೊಪ್ಪನ್ನು ಅಪ್ಪ ತಟ್ಟೆಯ ಅಂಚಿಗೆ ಸರಿಸಿದರೆ ಮಗನೂ ಸರಿಸುತ್ತಾನೆ. ಒಟ್ಟಿಗೆ ಕೂರುವ ಈ ವಿಷಯ ಅಡುಗೆ ಮಾಡುವವರಷ್ಟೇ ಅಪ್ಪಂದಿರ ಜವಾಬ್ದಾರಿಯೂ ಹೌದು, ಇದನ್ನು ಅವರೂ ಓದಲಿ ಎಂದೇ ಇಷ್ಟು ಉದ್ದವಾಗಿ ಬರೆದಿದ್ದೇನೆ.