ಇಲ್ಲಿ ಏನೂ ಇಲ್ಲ, ಬೇಗ ಬುಕ್ ಮಾಡಿ

ವೈಟ್‌ಫೀಲ್ಡಾ, ಸರ್ಜಾಪುರ ರಸ್ತೆನಾ? ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ ಹೋಮ್ ಲೋನ್ ಕನಸು ಕಾಣುವ ಜನಕ್ಕೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಮಗಳಿಗೆ ಗಂಡು ನೋಡುವಾಗಲೂ ಇಷ್ಟೊಂದು ವಿಚಾರಿಸುವುದಿಲ್ಲ. ನಮ್ಮ ಷಡ್ಡಕರಂತೂ ಇದಕ್ಕಾಗಿ ಎಕ್ಸೆಲ್ ಶೀಟೇ ಮಾಡಿದ್ದಾರೆ. ಎಡಗಡೆ ವೈಟ್‌ಫೀಲ್ಡ್, ಬಲಗಡೆ ಸರ್ಜಾಪುರ ರಸ್ತೆ. ಮೆಟ್ರೊ, ನೀರು, ರಸ್ತೆ, ಕೆರೆ, ಆಸ್ಪತ್ರೆ ಅಂತ ಸಾಲುಗಳು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಅಂತ ಅಂಕ.

ನೋಡಿದ ಕೂಡಲೇ "ವೈಟ್‌ಫೀಲ್ಡ್ ಗೆದ್ದಿತಲ್ಲ" ಅಂದೆ. ಷಡ್ಡಕರು ಪಾಪ ಅನ್ನುವ ಹಾಗೆ ನನ್ನ ಮುಖ ನೋಡಿದರು.

"ಅಣ್ಣಾ, ಜಾಸ್ತಿ ಅಂಕ ಬಂದರೆ ಸೋತ ಹಾಗೆ. ಅಲ್ಲಿ ಬರಬೇಕಾದ್ದೆಲ್ಲ ಬಂದುಬಿಟ್ಟಿದೆ. ಇನ್ನು ರೇಟು ಏರೋಕೆ ಏನುಳಿದಿದೆ? ಸರ್ಜಾಪುರ ರಸ್ತೆ ನೋಡಿ, ಏನೂ ಇಲ್ಲ. ಎಷ್ಟು ಸ್ಕೋಪ್ ಇದೆ!"

ಇದು ಅವರೊಬ್ಬರ ತಲೆಯಲ್ಲಿ ಹುಟ್ಟಿದ ಲೆಕ್ಕವಲ್ಲ. ಇಡೀ ಊರು ಈ ಲೆಕ್ಕದ ಮೇಲೆಯೇ ಮನೆ ಕೊಳ್ಳುತ್ತಿದೆ. ಮೆಟ್ರೊ ಇಲ್ಲವೇ? ಒಳ್ಳೆಯದು, ಮುಂದೆ ಬರುತ್ತೆ. ಚರಂಡಿ ಇಲ್ಲವೇ? ಇನ್ನೂ ಒಳ್ಳೆಯದು. ಬರದಿರುವುದಕ್ಕೆಲ್ಲ ಇವತ್ತೇ ದುಡ್ಡು ಕಟ್ಟಬೇಕು. ಬಂದಿರುವುದಕ್ಕೆ ಕಟ್ಟುವವನು ದಡ್ಡ.

ಮೆಟ್ರೊ ಸಾಲನ್ನೇ ತೆಗೆದುಕೊಳ್ಳಿ. ವೈಟ್‌ಫೀಲ್ಡಿಗೆ ಮೆಟ್ರೊ ಬಂದದ್ದು 2023ರ ಮಾರ್ಚ್‌ನಲ್ಲಿ. ಬಂತು ಅಂದರೆ ಕೆ.ಆರ್.ಪುರದ ತನಕ. ಅಲ್ಲಿ ಇಳಿದು, ಬಸ್ಸು ಹತ್ತಿ, ಬೈಯಪ್ಪನಹಳ್ಳಿಯಲ್ಲಿ ಮತ್ತೆ ಮೆಟ್ರೊ ಹತ್ತಬೇಕಿತ್ತು. ನಡುವಿನ ಎರಡು ಕಿಲೋಮೀಟರ್ ಚಿಲ್ಲರೆ ಕೂಡಿಕೊಂಡದ್ದು ಅಕ್ಟೋಬರಿನಲ್ಲಿ. ಆ ಅಷ್ಟೂ ತಿಂಗಳು ವೈಟ್‌ಫೀಲ್ಡಿಗೆ ಒಂದಿಷ್ಟು ಸ್ಕೋಪ್ ಉಳಿದಿತ್ತು. ಈಗ ವೈಟ್‌ಫೀಲ್ಡ್ ತುದಿಯ ಕಾಡುಗೋಡಿಯಲ್ಲಿ ಹತ್ತಿದವರು ಇನ್ನೊಂದು ತುದಿಯ ಚಲ್ಲಘಟ್ಟದವರೆಗೆ ಕೂತೇ ಹೋಗುತ್ತಾರೆ. ಸ್ಕೋಪ್ ಮುಗಿಯಿತು. ಶೀಟಿನಲ್ಲಿ ಅಂಕ ಏರಿತು, ಅಂದರೆ ಸೋತ ಹಾಗೆ.

ಸರ್ಜಾಪುರದ ಮೆಟ್ರೊ ಕಥೆಯೇ ಬೇರೆ. 2022ರ ರಾಜ್ಯ ಬಜೆಟ್ಟಿನಲ್ಲಿ ಹೆಬ್ಬಾಳದಿಂದ ಸರ್ಜಾಪುರಕ್ಕೆ ಸುಮಾರು 37 ಕಿಲೋಮೀಟರ್ ಮಾರ್ಗ ಘೋಷಿಸಿದರು. ಅಂದಾಜು 15,000 ಕೋಟಿ ರೂಪಾಯಿ. 2024ರ ಡಿಸೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಡುವ ಹೊತ್ತಿಗೆ ಅದು 28,405 ಕೋಟಿ ಆಗಿತ್ತು. ಒಂದು ಕಂಬ ಏಳುವ ಮುಂಚೆ! ಮೂರು ವರ್ಷ ತುಂಬುವುದರೊಳಗೆ ಇಷ್ಟು ಬೆಲೆ ಏರಿದ ಆಸ್ತಿ ಆ ರಸ್ತೆಯಲ್ಲಿ ಇನ್ನೊಂದು ಇದ್ದರೆ ತೋರಿಸಿ. "ಕಾಗದದ ಮೇಲಿರುವ ಮೆಟ್ರೊನೇ ಹೀಗೆ ಏರಿದರೆ, ಪಕ್ಕದ ಫ್ಲಾಟ್ ಎಷ್ಟು ಏರಬೇಡ ಅಣ್ಣಾ?" ಅಂತ ಷಡ್ಡಕರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನೀರಿನ ವಿಷಯದಲ್ಲಿ ಶೀಟಿಗೆ ಸ್ವಲ್ಪ ಗೊಂದಲವಾಯಿತು. 2024ರ ಬೇಸಿಗೆಯಲ್ಲಿ ಈ ಕಡೆಯ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ದಾರಿ ಕಾಯುತ್ತಿದ್ದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಟ್ಯಾಂಕರ್‌ಗೆ ಸರ್ಕಾರವೇ ದರ ನಿಗದಿ ಮಾಡಬೇಕಾಯಿತು. ಅದಕ್ಕೆ ಮುಂಚೆ, 2022ರ ಸೆಪ್ಟೆಂಬರಿನಲ್ಲಿ, ಇದೇ ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿಗಟ್ಟಲೆ ಬಾಳುವ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ ಹೊರಗೆ ತಂದರು. ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಹಾಗಾಗಿ ಷಡ್ಡಕರು "ನೀರಿಲ್ಲ" ಅಂತ ಒಂದು ಸಾಲು, "ನೀರು ಜಾಸ್ತಿ" ಅಂತ ಇನ್ನೊಂದು ಸಾಲು ಹಾಕಿ, ಕೂಡಿಸಿ ಎರಡರಿಂದ ಭಾಗಿಸಿದರು. ಸರಾಸರಿ ಚೆನ್ನಾಗಿ ಬಂದಿದೆ.

ಕಾವೇರಿ? ಐದನೇ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತ. ಅಂದರೆ ಊರಿಗೆ ಸೇರಿಸಿಕೊಂಡು ಹದಿನೇಳು ವರ್ಷಕ್ಕೆ ನೀರು. ಷಡ್ಡಕರು ನೋಡಿದ ಪ್ರಾಜೆಕ್ಟ್ ಆ ಪಟ್ಟಿಯಲ್ಲೂ ಇಲ್ಲ. ಅದು ದೊಮ್ಮಸಂದ್ರದ ಆಚೆ, ಆನೇಕಲ್ ತಾಲ್ಲೂಕು. ಹಾಗಾದರೆ ನೀರು ಎಲ್ಲಿಂದ ಅಂತ ನಾದಿನಿ ಕೇಳಿದ್ದಕ್ಕೆ ಸೇಲ್ಸ್ ಹುಡುಗ ಬಹಳ ಉತ್ಸಾಹದಿಂದ, "ಮೇಡಂ, ಟ್ಯಾಂಕರ್ ಬರೋಕೆ ಸಪರೇಟ್ ಗೇಟ್ ಕೊಟ್ಟಿದೀವಿ, ನಿಮಗೆ ಸೌಂಡ್ ಕೂಡ ಬರಲ್ಲ" ಅಂದ. ಹೊರಗೆ ಟೀ ಅಂಗಡಿಯಲ್ಲಿ ಕೂತಿದ್ದ ಹಳ್ಳಿಯ ಹಿರಿಯರೊಬ್ಬರನ್ನು ನಾನೂ ವಿಚಾರಿಸಿದೆ. "ಇತ್ತು ಸ್ವಾಮಿ, ನೀವೆಲ್ಲ ಬರೋ ಮುಂಚೆ" ಅಂದರು.

ಕೆರೆಯ ಸಾಲು ಡ್ರಾ. ಒಂದು ಕಡೆಯವರು ಬೆಳ್ಳಂದೂರು ಕೆರೆ ತೋರಿಸಿ ಲೇಕ್ ವ್ಯೂ ಅನ್ನುತ್ತಾರೆ, ಇನ್ನೊಂದು ಕಡೆಯವರು ವರ್ತೂರು ಕೆರೆ ತೋರಿಸಿ ಲೇಕ್ ವ್ಯೂ ಅನ್ನುತ್ತಾರೆ. ಅಲ್ಲಿಂದ ಹೊರಟ ನೀರೇ ಇಲ್ಲಿಗೆ ಬರುವುದು. ನೊರೆಯೂ ಅದೇ. ಬೆಳ್ಳಂದೂರು ಕೆರೆಗೆ ಮಾತ್ರ ಆಗಾಗ ಬೆಂಕಿ ಬಿದ್ದಿದೆ, 2015, 2017, 2018ರಲ್ಲಿ. ಕೆರೆಗೆ ಬೆಂಕಿ ಬೀಳುವುದನ್ನು ಬಾಲ್ಕನಿಯಿಂದ ನೋಡುವ ಭಾಗ್ಯಕ್ಕೆ ಚದರಡಿಗೆ ಎಷ್ಟು ಸೇರಿಸುತ್ತಾರೋ ಗೊತ್ತಿಲ್ಲ.

ದೂರದ ಬಗ್ಗೆ ಬ್ರೋಷರ್ ಬರೆಯುವವರ ಗಡಿಯಾರವನ್ನು ಮೆಚ್ಚಲೇಬೇಕು. ಎಲ್ಲಿಂದ ಎಲ್ಲಿಗೆ ಹೋದರೂ ಹದಿನೈದು ನಿಮಿಷ. ಹಾಲಿನ ವ್ಯಾನು ಓಡುವ ಹೊತ್ತಲ್ಲಿ ಅಳೆದಿರಬೇಕು. ಇನ್ನು ಊರಿನ ಹೆಸರುಗಳು ಸುಮ್ನೆ ನೆಪಕ್ಕೆ. ಹೊಸಕೋಟೆ ದಾರಿಯಲ್ಲಿ ಅರ್ಧ ಹೋದರೂ ಅದು ವೈಟ್‌ಫೀಲ್ಡ್ ಎಕ್ಸ್‌ಟೆನ್ಷನ್. ಸರ್ಜಾಪುರ ರಸ್ತೆಯಿಂದ ಅಡ್ಡ ತಿರುಗಿ, ರಾಗಿ ಹೊಲ ದಾಟಿ, ಇಟ್ಟಿಗೆ ಗೂಡು ದಾಟಿ, ನಾಯಿಗಳೂ ಬೊಗಳುವುದನ್ನು ಬಿಟ್ಟ ಜಾಗಕ್ಕೆ ಬಂದರೂ ಅದು ಆಫ್ ಸರ್ಜಾಪುರ ರೋಡ್.

ಹಾಗೆ ನೋಡಿದರೆ ವೈಟ್‌ಫೀಲ್ಡ್ ಕೂಡ ಒಂದು ಕಾಲದ ಪ್ರೀ-ಲಾಂಚೇ, ಅಂದರೆ ಕಟ್ಟುವ ಮುಂಚೆಯೇ ಬುಕ್ ಮಾಡಿಸುವ ಪ್ರಾಜೆಕ್ಟ್ ಇದ್ದ ಹಾಗೆ. 1882ರಲ್ಲಿ ಡಿ.ಎಸ್. ವೈಟ್ ಅನ್ನುವವರ ಮುಂದಾಳತ್ವದಲ್ಲಿ ಹುಟ್ಟಿದ ಊರು. ಆಂಗ್ಲೋ-ಇಂಡಿಯನ್ನರು ವ್ಯವಸಾಯ ಮಾಡಿಕೊಂಡು ಬದುಕಲಿ ಅಂತ ಮೈಸೂರು ಮಹಾರಾಜರು ಜಮೀನು ಕೊಟ್ಟರು. ಈಗ ಅಲ್ಲಿ ಉಳಿದಿರುವ ವ್ಯವಸಾಯ ಬಾಲ್ಕನಿಯ ಕೊತ್ತಂಬರಿ ಸೊಪ್ಪು.

ಸೂಪರ್ ಬಿಲ್ಟ್‌ಅಪ್ ಲೆಕ್ಕ ಬರೆಯಲು ಹೋಗುವುದಿಲ್ಲ. ಲಿಫ್ಟಿನ ಮುಂದಿನ ಜಾಗಕ್ಕೂ ಮೆಟ್ಟಿಲಿಗೂ ನಾವೇ ಕಂತು ಕಟ್ಟುತ್ತೇವೆ ಅಂತ ಎಲ್ಲರಿಗೂ ಗೊತ್ತು. ಸರ್ಕಾರಕ್ಕೂ ಈ ಸ್ಕೋಪ್ ವಿದ್ಯೆ ಚೆನ್ನಾಗಿ ಗೊತ್ತು. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಿತು. ಒಂದೇ ಏಟಿಗೆ ಡಬಲ್. ಮನೆ ಕೊಂಡ ಯಾರಿಗೆ ತಾನೆ ಇಷ್ಟು ಬೇಗ ಡಬಲ್ ಆಗಿದೆ?

ಕೊನೆಗೆ ಷಡ್ಡಕರು ಬುಕ್ ಮಾಡಿದ್ದು ಸರ್ಜಾಪುರ ರಸ್ತೆಯಲ್ಲೇ. ಎಲ್ಲ ಸಾಲಿನಲ್ಲೂ ಸೊನ್ನೆ ಬಂದ ಪ್ರಾಜೆಕ್ಟ್. ಅಭಿನಂದನೆ ಹೇಳಿ, ಗೃಹಪ್ರವೇಶ ಯಾವಾಗ ಅಂತ ಕೇಳಿದೆ.

"ಅಯ್ಯೋ ಭಾವ, ಅಲ್ಲಿ ಹೋಗಿ ಇರೋಕಾಗುತ್ತಾ?" ಅಂದಳು ನಾದಿನಿ. "ನೀರಿಲ್ಲ, ಬಸ್ಸಿಲ್ಲ, ಒಂದು ಮಾತ್ರೆ ಬೇಕಂದ್ರೂ ಗಾಡಿ ತೆಗೀಬೇಕು. ವೈಟ್‌ಫೀಲ್ಡಲ್ಲಿ ಮೆಟ್ರೊ ಪಕ್ಕ ಬಾಡಿಗೆಗೆ ಮನೆ ನೋಡಿದೀವಿ. ಎಲ್ಲಾ ಅನುಕೂಲ ಇದೆ."

"ಮತ್ತೆ ಅಂಥ ಮನೆ ಬಿಟ್ಟು ಅದರ ಮಾಲೀಕರು ಎಲ್ಲಿರುತ್ತಾರೆ?"

ಷಡ್ಡಕರು ದನಿ ತಗ್ಗಿಸಿದರು. "ಅವರು ಇಂದಿರಾನಗರದಲ್ಲಿ ಬಾಡಿಗೆಗೆ ಇದ್ದಾರೆ ಅಣ್ಣಾ. ಈ ಮನೇನ ಮಾರಿ ಹೊಸಕೋಟೆ ಆಚೆ ಸೈಟ್ ತಗೊಳ್ತಾರಂತೆ. ಅಲ್ಲಿ ಇನ್ನೂ ರಸ್ತೆನೇ ಇಲ್ವಂತೆ. ನಾವು ಸ್ವಲ್ಪ ಅವಸರ ಮಾಡಿಬಿಟ್ವೇನೋ!"