ಕ್ರೀಡಾಂಗಣ ಬಾಡಿಗೆಗಿದೆ, ವಿಚಾರಿಸಿ

ಮಹಾ ಕ್ರೀಡಾಕೂಟಗಳನ್ನು ನಮಗೇ ಕೊಡಿ ಎಂದು ಸಲ್ಲಿಸುವ ಬಿಡ್ ಕಡತಗಳಲ್ಲಿ ನನಗೆ ಬಲು ಇಷ್ಟವಾದದ್ದು 'ಕೂಟದ ನಂತರದ ಬಳಕೆ' ಎಂಬ ಅಧ್ಯಾಯ. ಅದಕ್ಕಿಂತ ಸೊಗಸಾದ ಕಥಾಸಾಹಿತ್ಯ ಇನ್ನೆಲ್ಲೂ ಸಿಗಲಾರದು. ಅದರ ಚಿತ್ರಗಳಲ್ಲಿ ಸದಾ ಹದವಾದ ಬಿಸಿಲು, ಬಲೂನು ಹಿಡಿದ ಮಗು, ವಾಕಿಂಗ್ ಹೊರಟ ಹಿರಿಯರು. ಬೀಗದ ಕೈ ಹಿಡಿದ ವಾಚ್‌ಮನ್ ಮಾತ್ರ ಯಾವ ಚಿತ್ರದಲ್ಲೂ ಕಾಣಿಸುವುದಿಲ್ಲ.

2014ರ ವಿಶ್ವಕಪ್ ಫುಟ್‌ಬಾಲ್‌ಗೆ ಬ್ರೆಜಿಲ್ ಅಮೆಜಾನ್ ಕಾಡಿನ ನಡುವಿನ ಮನೌಸ್‌ನಲ್ಲಿ ಸುಮಾರು 44,000 ಆಸನಗಳ ಕ್ರೀಡಾಂಗಣ ಎಬ್ಬಿಸಿತು. ನಡೆದದ್ದು ನಾಲ್ಕೇ ಪಂದ್ಯ. ಆ ಊರಿನ ಕ್ಲಬ್‌ಗಳು ಆಡುತ್ತಿದ್ದುದು ಕೆಳದರ್ಜೆಯ ಲೀಗ್‌ಗಳಲ್ಲಿ, ಜನ ಸೇರುತ್ತಿದ್ದುದೂ ಅಷ್ಟಕ್ಕಷ್ಟೇ. ಮುಂದೇನು ಎಂಬ ಪ್ರಶ್ನೆ ಎದ್ದಾಗ, ವಿಶ್ವಕಪ್‌ಗೆ ಮೊದಲೇ, ಅಲ್ಲಿನ ನ್ಯಾಯಾಧೀಶರೊಬ್ಬರು ಉಪಾಯ ಹೇಳಿದ್ದರು: ಜೈಲುಗಳು ತುಂಬಿ ತುಳುಕುತ್ತಿವೆ, ಕೈದಿಗಳನ್ನು ತಾತ್ಕಾಲಿಕವಾಗಿ ಇಲ್ಲಿ ಇರಿಸಬಹುದಲ್ಲ! ಯಾರೂ ಒಪ್ಪಲಿಲ್ಲ. ನನ್ನನ್ನು ಕೇಳಿದರೆ, ಇಡೀ ವಿಶ್ವಕಪ್ ಯೋಜನೆಯಲ್ಲೇ ವಾಸ್ತವಕ್ಕೆ ಹತ್ತಿರವಾದ ಮಾತು ಅದು. ದಿನವೂ ಹೌಸ್‌ಫುಲ್. ಅರ್ಧ ಪಂದ್ಯಕ್ಕೇ ಪ್ರೇಕ್ಷಕರು ಎದ್ದು ಹೋಗುತ್ತಾರೆಂಬ ಭಯವೂ ಇಲ್ಲ.

ರಾಜಧಾನಿ ಬ್ರೆಸಿಲಿಯಾದ ದುಬಾರಿ ಕ್ರೀಡಾಂಗಣದ ಪಾರ್ಕಿಂಗ್ ಜಾಗದಲ್ಲಿ ಆಮೇಲೆ ಬಸ್ಸುಗಳು ಬಂದು ನಿಂತವು. ಜನ ಬರದಿದ್ದರೇನು, ಬಸ್ಸಾದರೂ ಬಂತಲ್ಲ.

ಸಾಲದ ಕಥೆ ಇನ್ನೂ ಸ್ವಾರಸ್ಯ. ಕೆನಡಾದ ಮಾಂಟ್ರಿಯಲ್ 1976ರಲ್ಲಿ ಒಲಿಂಪಿಕ್ಸ್ ನಡೆಸಿತು, ಆ ಕ್ರೀಡಾಂಗಣದ ಸಾಲ ತೀರಿದ್ದು 2006ರಲ್ಲಿ. ತೀರಿಸಲು ಹಾಕಿದ್ದು ತಂಬಾಕಿನ ಮೇಲಿನ ವಿಶೇಷ ತೆರಿಗೆ. ಅಂದರೆ ಆರೋಗ್ಯ, ಚೈತನ್ಯ, ಕ್ರೀಡಾ ಮನೋಭಾವಗಳ ಖರ್ಚನ್ನು ಮೂವತ್ತು ವರ್ಷ ಸಿಗರೇಟು ಸೇದುವವರು ಕೆಮ್ಮುತ್ತಾ ಭರಿಸಿದರು.

ಇಟಲಿಯವರು ಮತ್ತೂ ಒಂದು ಕೈ ಮೇಲು. 2006ರ ಟ್ಯೂರಿನ್ ಚಳಿಗಾಲದ ಒಲಿಂಪಿಕ್ಸ್‌ಗೆಂದು ಚೆಸಾನಾದಲ್ಲಿ ಬಾಬ್‌ಸ್ಲೆಡ್ (ಮಂಜುಗಡ್ಡೆಯ ಮೇಲಿನ ಜಾರುಬಂಡಿ ಓಟ) ಹಾದಿ ಕಟ್ಟಿದರು, ಕೆಲವೇ ವರ್ಷಗಳಲ್ಲಿ ಬೀಗ ಜಡಿದರು. ಮತ್ತೆ 2026ರ ಒಲಿಂಪಿಕ್ಸ್ ಅದೇ ದೇಶಕ್ಕೆ ಬಂತು. ಹಳೆಯದನ್ನು ದುರಸ್ತಿ ಮಾಡಿದರೇ? ಛೆ! ಕೊರ್ಟಿನಾದಲ್ಲಿ ಹೊಸತನ್ನೇ ಕಟ್ಟಿದರು. ಈಗಾಗಲೇ ಇರುವ ಹಾದಿಯನ್ನು, ಬೇಕಿದ್ದರೆ ಪಕ್ಕದ ದೇಶದ್ದನ್ನೇ, ಬಳಸಿ ಎಂದು ಒಲಿಂಪಿಕ್ ಸಮಿತಿಯೇ ಹೇಳಿತು, ಕೇಳುವವರು ಯಾರು? ಇದನ್ನು ದುಂದು ಎನ್ನುವವರಿಗೆ ಆಡಳಿತದ ಗಂಧಗಾಳಿ ಇಲ್ಲ. ರಿಪೇರಿ ಕೆಲಸಕ್ಕೆ ಶಂಕುಸ್ಥಾಪನೆ ಇರುವುದಿಲ್ಲ. ಶಿಲಾಫಲಕದಲ್ಲಿ ಹೆಸರು ಕೆತ್ತಿಸಲಾಗುವುದಿಲ್ಲ, ಕತ್ತರಿಸಲು ಟೇಪೂ ಇರುವುದಿಲ್ಲ. ಕ್ರೀಡಾಂಗಣದ ನಿಜವಾದ ಬಳಕೆ ಉದ್ಘಾಟನೆಯ ದಿನವೇ ಮುಗಿದಿರುತ್ತದೆ. ಆಮೇಲೆ ನಡೆಯುವ ಪಂದ್ಯಗಳೇ 'ಮರುಬಳಕೆ'.

ಈ ಸತ್ಯವನ್ನು ನಾಚಿಕೆಯಿಲ್ಲದೆ ಒಪ್ಪಿಕೊಂಡವರು ದಕ್ಷಿಣ ಕೊರಿಯಾದವರು. 2018ರ ಪ್ಯೋಂಗ್‌ಚಾಂಗ್ ಕೂಟಕ್ಕೆ 35,000 ಆಸನಗಳ ಕ್ರೀಡಾಂಗಣ ಕಟ್ಟಿ, ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ನ ಉದ್ಘಾಟನೆ, ಸಮಾರೋಪ ಎಂದು ಒಟ್ಟು ನಾಲ್ಕು ಸಮಾರಂಭ ಮುಗಿಸಿ, ಮೊದಲೇ ಹೇಳಿದಂತೆ ಕೆಡವಿಬಿಟ್ಟರು. ಬಲೂನಿಲ್ಲ, ಮಗುವಿಲ್ಲ.

ನಮ್ಮ ದೇಶದ ಮೇಲೆ ಮಾತ್ರ ಈ ಆರೋಪ ಪೂರ್ತಿ ಅನ್ವಯಿಸುವುದಿಲ್ಲ. 2010ರ ಕಾಮನ್‌ವೆಲ್ತ್ ಕೂಟಕ್ಕೆ ಕಟ್ಟಿದ ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಹನ್ನೆರಡು ವರ್ಷದ ನಂತರವೂ ಮಕ್ಕಳು ಓಡುತ್ತಿದ್ದರು, ಕೋಚ್‌ಗಳು ಸೀಟಿ ಊದುತ್ತಿದ್ದರು. ತೊಂದರೆಯಾದದ್ದೇ ಅಲ್ಲಿ. ಸಂಜೆ ಏಳಕ್ಕೆಲ್ಲ ಅವರನ್ನು ಹೊರಗೆ ಕಳಿಸಲಾಗುತ್ತಿದೆ, ಅರ್ಧ ಗಂಟೆಯ ನಂತರ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ಅದೇ ಟ್ರ್ಯಾಕ್ ಮೇಲೆ ನಾಯಿ ವಾಕಿಂಗ್ ಮಾಡಿಸುತ್ತಾರೆ ಎಂದು 2022ರಲ್ಲಿ ಪತ್ರಿಕೆಯಲ್ಲಿ ಫೋಟೊ ಸಮೇತ ಬಂತು. ಕ್ರೀಡಾಪಟುಗಳನ್ನು ತಾವು ಹೊರಗೆ ಕಳಿಸಿಲ್ಲ ಎಂದರು ಅಧಿಕಾರಿ. ಅಂತರರಾಷ್ಟ್ರೀಯ ಗುಣಮಟ್ಟದ ಟ್ರ್ಯಾಕ್ ಮೇಲೆ ನಡೆದ ಆ ನಾಯಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಸಾಹೇಬರಿಗೆ ಲಡಾಖ್‌ಗೆ ವರ್ಗವಾಯಿತು. ಅಲ್ಲಿ ವಾಕಿಂಗ್‌ಗೆ ಜಾಗಕ್ಕೇನೂ ಬರವಿಲ್ಲ. ದೆಹಲಿಯ ಸರ್ಕಾರಿ ಕ್ರೀಡಾಂಗಣಗಳನ್ನು ರಾತ್ರಿ ಹತ್ತರವರೆಗೆ ತೆರೆದಿಡಬೇಕೆಂಬ ಆದೇಶವೂ ಹೊರಬಿತ್ತು.

ಈಗ 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಸಿಕ್ಕಿದೆ. 2036ರ ಒಲಿಂಪಿಕ್ಸ್ ಮೇಲೂ ನಮ್ಮ ಕಣ್ಣಿದೆ. ಅಲ್ಲಿನ ಕ್ರೀಡಾಂಗಣಗಳು ಕೂಟ ಮುಗಿದ ಮೇಲೆ ಸಂಜೆ ಎಷ್ಟು ಗಂಟೆಯವರೆಗೆ ಮನುಷ್ಯರಿಗೆ ತೆರೆದಿರುತ್ತವೆ ಎಂಬುದನ್ನು ಈಗಲೇ ಬರಹದಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.