ಗುಂಡಿ ಬಗ್ಗೆ ಕೇಳಿದರೆ ಲೈಸೆನ್ಸ್ ಕೇಳುತ್ತಾರೆ

ಮೈಕ್‌ನಲ್ಲಿ ಕೇಳಿದರು ಸ್ವಾಮಿ, ನಗರಸಭೆಯ ಸಭೆಯಲ್ಲಿ, ವೇದಿಕೆ ಮೇಲೆ ಕೂತವರು. ಹತ್ತಿರ ಕರೆದು ಕೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಇಡೀ ಹಾಲ್‌ಗೆ ಕೇಳುವ ಹಾಗೆ, "ಏನ್ರೀ, ನಿಮ್ಮ ಮಿಲ್ಲಿಗೆ ಲೈಸೆನ್ಸ್ ಇದೆಯೇನ್ರೀ?" ಅಂದರು. ನಾನು ಕೇಳಿದ್ದು ಗುಂಡಿ ಬಗ್ಗೆ!

ಇದೆ. ಲೈಸೆನ್ಸ್ ಇದೆ. ವರ್ಷಾ ವರ್ಷಾ ರಿನ್ಯೂವಲ್ ಮಾಡಿಸುತ್ತೇನೆ. ಫ್ರೇಮ್ ಹಾಕಿಸಿ ಲಕ್ಷ್ಮಿ ಫೋಟೋ ಪಕ್ಕದಲ್ಲೇ ನೇತು ಹಾಕಿದ್ದೇನೆ. ಮೇಲೆ ಹಿಟ್ಟು ಕೂತು ಅಕ್ಷರ ಕಾಣಲ್ಲ, ಅದು ಬೇರೆ ವಿಷಯ. ಹಿಟ್ಟಿನ ಮಿಲ್ಲಿನಲ್ಲಿ ಹಿಟ್ಟು ಕೂರದೆ ಇನ್ನೇನು ಕೂರುತ್ತೆ?

ಆದರೆ ಇದೆಲ್ಲ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. "ಇದೆ ಸಾರ್" ಅಂದೆ. ಅಷ್ಟೇ. ರಾತ್ರಿ ಮಲಗಿದ ಮೇಲೆ ಒಂದೊಂದೇ ಉತ್ತರ ಹೊಳೆಯುತ್ತಿದೆ. ಎಂಥೆಂಥ ಉತ್ತರ! ಯಾರಿಗೆ ಹೇಳಲಿ ಈಗ, ಫ್ಯಾನಿಗಾ?

ಸಭೆ ಶುರುವಾಗಿದ್ದು ವರದಿಗಳಿಂದ. ಒಂದೊಂದು ವಿಭಾಗದವರೂ ಎದ್ದು ನಿಂತು ಏನೇನು ಮಾಡಿದೆವು ಅಂತ ಓದಬೇಕು. ಓದಿದರು. ಕಂದಾಯದವರು ಇ-ಖಾತಾ ಎಷ್ಟು ಕೊಟ್ಟೆವು, ಬಿ-ಖಾತಾಗೆ ಎಷ್ಟು ಅರ್ಜಿ ಬಂತು, ಏಪ್ರಿಲ್‌ನಲ್ಲಿ ಶೇ 5 ರಿಯಾಯಿತಿ ಕೊಟ್ಟು ಎಷ್ಟು ತೆರಿಗೆ ವಸೂಲಿ ಆಯಿತು ಅಂದರು. ಚಪ್ಪಾಳೆ. ಆರೋಗ್ಯ ವಿಭಾಗದವರು ಮನೆ ಮನೆ ಕಸ ಸಂಗ್ರಹ, ಹಸಿ ಕಸ, ಒಣ ಕಸ, ಪ್ಲಾಸ್ಟಿಕ್ ದಾಳಿ ಅಂದರು. ಚಪ್ಪಾಳೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಎತ್ತಿಟ್ಟ ಶೇ 24.10ರ ನಿಧಿಯಲ್ಲಿ ಏನು, ಇತರ ಬಡವರ ಶೇ 7.25ರಲ್ಲಿ ಏನು, ಶೇ 5ರಲ್ಲಿ ಅಂಗವಿಕಲರಿಗೆ ಮೂರು ಚಕ್ರದ ಸ್ಕೂಟರ್ ಎಷ್ಟು. ಇದಕ್ಕೆ ನಾನೂ ಮನಸಾರೆ ಚಪ್ಪಾಳೆ ಹೊಡೆದೆ, ಸುಳ್ಳೇಕೆ ಹೇಳಲಿ. ಬೀದಿ ದೀಪ ಎಲ್ಇಡಿ ಆಯಿತು. ಬೀದಿ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಆಯಿತು. ಪಾರ್ಕಿಗೆ ಬೇಲಿ ಆಯಿತು.

ಆಮೇಲೆ ಇಂಜಿನಿಯರಿಂಗ್ ವಿಭಾಗ. ಪರದೆ ಮೇಲೆ ಫೋಟೋ ಬೇರೆ. ನಗರೋತ್ಥಾನ ಯೋಜನೆಯಲ್ಲಿ ಮಾಡಿದ ಕಾಂಕ್ರೀಟ್ ರಸ್ತೆ ಅಂತ ಒಂದು ಫೋಟೋ ಬಂತು ನೋಡಿ, ನನ್ನ ಎದೆ ಧಸಕ್ ಅಂತು. ನಮ್ಮ ಬೀದಿ! ನಮ್ಮ ಮಿಲ್ಲಿನ ಬೋರ್ಡ್ ಒಂದು ಮೂಲೆಯಲ್ಲಿ ಕಾಣುತ್ತಿದೆ. ರಸ್ತೆ ಫಳಫಳ ಹೊಳೆಯುತ್ತಿದೆ. ಅದು ರಸ್ತೆ ಮಾಡಿದ ವಾರದಲ್ಲಿ ತೆಗೆದ ಫೋಟೋ. ಆಮೇಲೆ ಅದೇ ರಸ್ತೆಯನ್ನು ಮಧ್ಯಕ್ಕೆ ಸೀಳಿ ಹಾಕಿದರಲ್ಲ, ಅದರ ಫೋಟೋ ಎಲ್ಲಿ? ಇತ್ತು ಸ್ವಾಮಿ. ಎರಡು ಸ್ಲೈಡ್ ಬಿಟ್ಟು ಅದೂ ಬಂತು. "ಅಮೃತ್ 2.0 ಯೋಜನೆ ಅಡಿ ಕುಡಿಯುವ ನೀರಿನ ಪೈಪ್‌ಲೈನ್ ಕಾಮಗಾರಿ ಭರದಿಂದ ಸಾಗಿದೆ" ಅಂತ. ಅದೇ ಬೀದಿ, ಅದೇ ಮಿಲ್ಲು, ಅದೇ ಬೋರ್ಡ್. ರಸ್ತೆ ಮಾಡಿದ್ದೂ ಸಾಧನೆ, ರಸ್ತೆ ಒಡೆದದ್ದೂ ಸಾಧನೆ. ಎರಡಕ್ಕೂ ಚಪ್ಪಾಳೆ!

ಇದು ಯಾರ ಕಣ್ಣಿಗೂ ಬೀಳಲಿಲ್ಲವಾ? ಹಾಲ್‌ನಲ್ಲಿ ಅಷ್ಟು ಜನ ಇದ್ದರು. ಪಕ್ಕದಲ್ಲಿದ್ದ ಬೇಕರಿಯವರ ತೊಡೆ ತಟ್ಟಿ ತೋರಿಸಿದೆ. "ಹೂಂ, ನಿಮ್ಮ ಬೋರ್ಡ್ ಚೆನ್ನಾಗಿ ಬಂದಿದೆ" ಅಂದರು.

ಅದಕ್ಕೇ ಎದ್ದು ನಿಂತೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಜೋರಾಗಿ ಮಾತಾಡಬಾರದು, ಮರ್ಯಾದೆಯಿಂದ ಕೇಳಬೇಕು ಅಂತ ಮನೆಯವಳು ಹೇಳಿ ಕಳಿಸಿದ್ದಳು. "ಸಾರ್, ನಮ್ಮ ಬೀದಿಯಲ್ಲಿ ಪೈಪ್ ಹಾಕೋಕೆ ಅಗೆದ ಗುಂಡಿ ಹಾಗೇ ಇದೆ. ಮಣ್ಣು ತುಂಬಿ ಹೋದರು, ಮಳೆಗೆ ಕುಸಿದಿದೆ. ಕಸದ ಆಟೋ ಒಳಗೆ ಬರುತ್ತಿಲ್ಲ. ವಯಸ್ಸಾದವರು ರಾಗಿ ಡಬ್ಬ ಹಿಡಿದುಕೊಂಡು ಹಲಗೆ ಮೇಲೆ ದಾಟಬೇಕು. ಯಾವಾಗ ಮುಚ್ಚುತ್ತೀರಿ?" ಇಷ್ಟೇ. ಇದರಲ್ಲಿ ತಪ್ಪೇನಿದೆ ಹೇಳಿ.

ವೇದಿಕೆ ಮೇಲಿದ್ದವರು ಚೀಟಿ ನೋಡಿಲ್ಲ, ನನ್ನ ಮುಖ ನೋಡಿದರು. ಮೇಲಿಂದ ಕೆಳಗೆ ನೋಡಿದರು. ಅಂಗಿ ತೋಳಿನಲ್ಲಿ ಹಿಟ್ಟು ಇತ್ತೋ ಏನೋ. "ಎಲ್ಲಿ ನಿಮ್ದು? ಓ, ಆ ಹಿಟ್ಟಿನ ಮಿಲ್ಲಾ?" ಅಂದರು. ಆ "ಆ"ದಲ್ಲೇ ಎಲ್ಲ ಇತ್ತು. ಆಮೇಲೆ ಲೈಸೆನ್ಸ್ ಪ್ರಶ್ನೆ. ಇದೆ ಸಾರ್ ಅಂದೆ. ಮನೆ ಕಂದಾಯ? ಕಟ್ಟಿದ್ದೇನೆ ಸಾರ್, ಏಪ್ರಿಲ್‌ನಲ್ಲೇ ಕಟ್ಟಿದ್ದೇನೆ. ನನಗೂ ಸ್ವಲ್ಪ ಧೈರ್ಯ ಬಂತು. ರಿಯಾಯಿತಿ ತಗೊಂಡವನು ನಾನು, ಈಗ ವರದಿಯಲ್ಲಿ ಓದಿದರಲ್ಲ, ಆ ವಸೂಲಿಯಲ್ಲಿ ನನ್ನ ದುಡ್ಡೂ ಇದೆ ಅಂತ ಎದೆ ಉಬ್ಬಿಸಿ ನಿಂತೆ.

ಆಗ ಅವರು ಪಕ್ಕಕ್ಕೆ ತಿರುಗಿ ಕಂಪ್ಯೂಟರ್ ಹುಡುಗನಿಗೆ ಏನೋ ಅಂದರು. ಮೈಕ್ ಆಫ್ ಮಾಡಿರಲಿಲ್ಲ. "ಜಲನಿಧಿಯಲ್ಲಿ ನೋಡಯ್ಯ ಇವರದ್ದು" ಅಂದದ್ದು ಎಲ್ಲರಿಗೂ ಕೇಳಿತು. ಜಲನಿಧಿ ಅಂದರೆ ನೀರಿನ ಬಿಲ್ಲಿನ ಲೆಕ್ಕ ಇಡುವ ತಂತ್ರಾಂಶ. ಹುಡುಗ ನೋಡುತ್ತಿದ್ದಾನೆ. ನಾನು ನಿಂತಿದ್ದೇನೆ. ನೆಟ್ ನಿಧಾನ. ಹಾಲ್ ಪೂರ್ತಿ ಸುಮ್ಮನಿದೆ. ಯಾರೋ ಕೆಮ್ಮಿದರು. ಕೂರಲಾ ನಿಲ್ಲಲಾ ಗೊತ್ತಾಗುತ್ತಿಲ್ಲ. ಚೀಟಿ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಕೊನೆಗೆ ಹುಡುಗ ತಲೆ ಎತ್ತಿ, "ನೀರಿನ ಬಾಕಿ ಇದೆ ಸಾರ್" ಅಂದ.

ನಗು. ಮುಂದಿನ ಸಾಲಿನಿಂದ ಶುರುವಾಗಿ ಹಿಂದಿನ ಸಾಲಿನವರೆಗೂ ಬಂತು. ಬೇಕರಿಯವರೂ ನಕ್ಕರು, ನಾನು ನೋಡಿದೆ. "ಮೊದಲು ಬಾಕಿ ಕಟ್ಟಿ ಸ್ವಾಮಿ, ಆಮೇಲೆ ಸೌಲಭ್ಯ ಕೇಳಿ" ಅಂತ ಮೈಕ್‌ನಲ್ಲಿ. ಪಂಕ್ತಿಯಲ್ಲಿ ಕೂತವನನ್ನು ಎಬ್ಬಿಸಿ, ಮುಯ್ಯಿ ಹಾಕಿದ್ಯೇನಯ್ಯಾ ಅಂತ ಕೇಳಿದ ಹಾಗಾಯಿತು.

ನೀರಿನ ಬಾಕಿ! ಯಾವ ನೀರು? ಪೈಪ್ ಹಾಕೋಕೆ ಅಗೆದಾಗ ಜೆಸಿಬಿಯವನು ಹಳೇ ಪೈಪ್ ಕಿತ್ತು ಹಾಕಿದ. ಆವತ್ತಿನಿಂದ ನಮ್ಮ ನಲ್ಲಿಯಲ್ಲಿ ಗಾಳಿ ಬರುತ್ತದೆ. ವಾಲ್ವ್‌ಮನ್ ಬಂದು ನೋಡಿ, "ಹೊಸ ಲೈನ್ ಬರುತ್ತಲ್ಲ ಅಣ್ಣ" ಅಂತ ಹೋದ. ಮೀಟರ್ ಇಲ್ಲ ನಮ್ಮ ಕಡೆ, ತಿಂಗಳಿಗೆ ಇಷ್ಟು ಅಂತ ಬಿಲ್ಲು. ನೀರು ಬರಲಿ ಬಿಡಲಿ ಬಿಲ್ಲು ಮಾತ್ರ ಬರುತ್ತೆ. ಅವರೇ ಒಡೆದ ಪೈಪಿನಲ್ಲಿ ಬಾರದ ನೀರಿಗೆ ನಾನು ಬಾಕಿದಾರ.

ಇದನ್ನೂ ಹೇಳಲಿಲ್ಲ ನಾನು. ಏನು ಹೇಳಿದೆ ಗೊತ್ತಾ? "ಆಯ್ತು ಸಾರ್, ಥ್ಯಾಂಕ್ಯೂ" ಅಂದೆ.

ಥ್ಯಾಂಕ್ಯೂ! ಯಾಕಯ್ಯಾ ಥ್ಯಾಂಕ್ಯೂ? ಏನು ಕೊಟ್ಟರು ನಿನಗೆ? ಮನೆಗೆ ಬಂದು ಹೇಳಿದರೆ ಮಗ ನೆಲಕ್ಕೆ ಬಿದ್ದು ನಕ್ಕ. "ಅಪ್ಪಾ, ಒಂದು ಹಾರ ಹಾಕಿ ಬರಬೇಕಿತ್ತು" ಅಂತ. ಸರಿಯಾಗೇ ಹೇಳಿದ. ಮಿಲ್ಲಿಗೆ ಬಂದವರ ಹತ್ತಿರ ಗಂಟೆಗಟ್ಟಲೆ ವ್ಯವಸ್ಥೆ ಬಗ್ಗೆ ಭಾಷಣ ಮಾಡುವ ಗಂಡಸು ನಾನು. ಮೆಷಿನ್ ಸದ್ದಿನಲ್ಲಿ ಯಾರಿಗೂ ಕೇಳಲ್ಲ ಅನ್ನುವ ಧೈರ್ಯ ಇರಬೇಕು.

ಹೋಗಲಿ ಬಿಡಿ. ಅವರದ್ದೂ ಪೂರ್ತಿ ತಪ್ಪಲ್ಲ. ನಗರಸಭೆಯಲ್ಲಿ ಖಾಲಿ ಹುದ್ದೆ ಎಷ್ಟಿದೆ ಅಂತ ನನಗೂ ಗೊತ್ತು. ಒಬ್ಬ ಇಂಜಿನಿಯರ್ ಹತ್ತು ವಾರ್ಡ್ ನೋಡಬೇಕು. ಒಂದು ಕಡೆ ಪೈಪ್, ಇನ್ನೊಂದು ಕಡೆ ಚರಂಡಿ. ಬೆಳಿಗ್ಗೆ ಐದಕ್ಕೇ ಬಂದು ಗುಂಡಿ ಸುತ್ತ ಗುಡಿಸಿ ಹೋಗುವ ಪೌರಕಾರ್ಮಿಕ ಅಕ್ಕಂದಿರ ಮೇಲೆ ಸಿಟ್ಟು ಮಾಡಲಾ? ಅವರಾದರೂ ಕೆಲಸ ಮಾಡುತ್ತಾರೆ.

ಇಲ್ಲ, ಹೋಗಲಿ ಬಿಡಿ ಅಂತ ಹೇಳಲ್ಲ ನಾನು. ಯಾಕೆ ಹೇಳಬೇಕು?

ಕೇಳಿ, ಗುಂಡಿ ಯಾರದ್ದು ಅಂತ ಹುಡುಕಿಕೊಂಡು ಹೊರಟೆ ನಾನು ಸಭೆಗೆ ಮುಂಚೆ. ಇಂಜಿನಿಯರಿಂಗ್ ವಿಭಾಗದಲ್ಲಿ ಕೇಳಿದರೆ, ರಸ್ತೆ ನಮ್ಮದು, ಗುಂಡಿ ನೀರಿನವರದ್ದು. ನೀರಿನವರ ಹತ್ತಿರ ಹೋದರೆ, ನಮ್ಮದು ಪೈಪ್ ಹಾಕಿ ಟೆಸ್ಟಿಂಗ್ ಮಾಡುವವರೆಗೆ, ಟೆಸ್ಟಿಂಗ್ ಆಗದೆ ಮುಚ್ಚಿದರೆ ಮತ್ತೆ ಅಗೆಯಬೇಕಾಗುತ್ತೆ. ಇದು ನ್ಯಾಯವೇ. ಟೆಸ್ಟಿಂಗ್ ಯಾವಾಗ? ಟ್ಯಾಂಕ್ ಮುಗಿದ ಮೇಲೆ. ಟ್ಯಾಂಕ್ ಯಾವಾಗ? ಅದು ಬೇರೆ ಪ್ಯಾಕೇಜ್, ಬೇರೆ ಗುತ್ತಿಗೆದಾರ. ಬೀದಿ ಕೊನೆಯಲ್ಲಿ ರಸ್ತೆ ಕಾಮಗಾರಿಯ ಬೋರ್ಡ್ ಇನ್ನೂ ನಿಂತಿದೆ, ದೋಷ ಹೊಣೆಗಾರಿಕೆ ಅವಧಿ ಅಂತ ಅದರಲ್ಲೇ ಬರೆದಿದೆ, ಅಂದರೆ ಅಷ್ಟು ದಿನ ರಸ್ತೆ ಕೆಟ್ಟರೆ ಮಾಡಿದವರೇ ಸರಿ ಮಾಡಿಕೊಡಬೇಕು. ಆ ಗುತ್ತಿಗೆದಾರರಿಗೆ ಫೋನ್ ಮಾಡಿದರೆ, "ನನ್ನ ರಸ್ತೆ ಕೆಟ್ಟಿದ್ದರೆ ನಾನು ಮಾಡಿಕೊಡ್ತೀನಿ. ಬೇರೆಯವರು ಕತ್ತರಿಸಿದ್ದಕ್ಕೆ ನಾನೇನು ಮಾಡಲಿ?" ಅಂದರು. ಅದೂ ನ್ಯಾಯವೇ! ಎಲ್ಲರೂ ನ್ಯಾಯವಾಗಿಯೇ ಮಾತಾಡುತ್ತಾರೆ. ಅದೇ ನನ್ನ ಕಷ್ಟ. ಒಬ್ಬನಾದರೂ ಕಳ್ಳ ಸಿಕ್ಕಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಜನಹಿತ ಆಪ್‌ನಲ್ಲಿ ದೂರು ಹಾಕಿದೆ, ಫೋಟೋ ಸಮೇತ. ದೂರು ಪರಿಹಾರವಾಗಿದೆ ಅಂತ ಮೆಸೇಜ್ ಬಂತು. ಓದಿದಾಗ ಮಿಲ್ಲಿನ ಬಾಗಿಲಲ್ಲೇ ನಿಂತಿದ್ದೆ, ಗುಂಡಿ ಎದುರಿಗೇ ಇತ್ತು. ಸಂಬಂಧಪಟ್ಟ ಇಲಾಖೆಗೆ ಪತ್ರ ಬರೆದದ್ದೇ ಪರಿಹಾರವಂತೆ.

ಅಣ್ಣನ ಮಗಳು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳು ಹೇಳಿದಳು, 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯಿತು ಚಿಕ್ಕಪ್ಪ, ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ 18 ವಿಷಯ ಇವೆ, ರಸ್ತೆ ಮತ್ತು ಸೇತುವೆ ಅದರಲ್ಲಿದೆ, ನೀರು ಸರಬರಾಜೂ ಅದರಲ್ಲೇ ಇದೆ ಅಂತ. ರಸ್ತೆಯೂ ನೀರೂ ಒಂದೇ ಪಟ್ಟಿಯಲ್ಲಿ! ಮತ್ತೆ ನಮ್ಮ ಬೀದಿಗೆ ಬರುವಾಗ ಯಾಕೆ ಇಬ್ಬರಾಗಿ ಬರುತ್ತಾರೆ? ಅವಳ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರಲ್ಲವಂತೆ.

ಸಕಾಲ ಇದೆಯಲ್ಲ ಅಂದರು ಒಬ್ಬರು. ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದೊಳಗೆ ಕೊಡಬೇಕು ಅನ್ನುವ 2011ರ ಕಾಯ್ದೆ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಖಾತೆಗೆ ಬಳಸಿ, ಕಟ್ಟಡ ಪರವಾನಗಿಗೆ ಬಳಸಿ, ಅಲ್ಲೆಲ್ಲ ಅರ್ಜಿ ಇರುತ್ತೆ. ನನ್ನ ಗುಂಡಿಗೆ ಯಾವ ಅರ್ಜಿ? ಇನ್ನೊಂದು ತಮಾಷೆ ಕೇಳಿ. ರಸ್ತೆ ಅಗೆಯಲು ಅನುಮತಿ ಬೇಕಾದರೆ ಆನ್‌ಲೈನ್ ಅರ್ಜಿ ಇದೆ. ಎಷ್ಟು ಮೀಟರ್ ಉದ್ದ, ಎಷ್ಟು ಅಗಲ, ಯಾವ ತರದ ರಸ್ತೆ ಅಂತ ಲೆಕ್ಕ ಹಾಕಿ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಅಗೆಯೋಕೆ ಅರ್ಜಿ ಇದೆ. ಮುಚ್ಚಿ ಅಂತ ಕೇಳೋಕೆ ಇಲ್ಲ.

ಆ ದುಡ್ಡು ಎಲ್ಲಿ? ಇದಕ್ಕೆ ಉತ್ತರ ಕೊಡಿ ಯಾರಾದರೂ. ಇಂಜಿನಿಯರಿಂಗ್ ಓದಿದವರು, ಗುತ್ತಿಗೆ ಮಾಡುವವರು, ನಗರಸಭೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಯಾರಾದರೂ ಪರವಾಗಿಲ್ಲ. ಸರ್ಕಾರದ ಕೆಲಸಕ್ಕೇ ಅಗೆದರೆ ರಸ್ತೆ ಮೊದಲಿನ ಹಾಗೆ ಮಾಡಿಕೊಡುವ ಹಣ ಆ ಕಾಮಗಾರಿಯ ಅಂದಾಜಿನಲ್ಲೇ ಇರುತ್ತೆ ಅಂತ ಒಬ್ಬರು. ಇಲ್ಲ, ನಗರಸಭೆಗೆ ಮೊದಲೇ ಕಟ್ಟಬೇಕು ಅಂತ ಇನ್ನೊಬ್ಬರು. ಎರಡರಲ್ಲಿ ಯಾವುದಾದರೂ ನಿಜ ಆಗಿದ್ದರೆ ನಮ್ಮ ಬೀದಿಯ ಕಾಂಕ್ರೀಟಿನ ದುಡ್ಡು ಎಲ್ಲೋ ಒಂದು ಕಡೆ ಕೂತಿರಬೇಕು ಅಲ್ವಾ? ನಾನಂತೂ ಕೇಳಿ ಕೇಳಿ ಸುಸ್ತಾದೆ. ಮುಚ್ಚದಿದ್ದರೂ ಪರವಾಗಿಲ್ಲ, ಯಾರ ಹತ್ತಿರ ಇದೆ ಅಂತ ಹೇಳಿ ಸಾಕು. ಅಲ್ಲ, ಮುಚ್ಚಲೂ ಬೇಕು.

ನಿನ್ನೆ ರಾತ್ರಿ ನಿದ್ದೆ ಬರದೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕೂತೆ. ಮೊದಲ ಪುಟದಲ್ಲಿ ಮೈಕ್, ಎರಡನೇ ಪುಟದಲ್ಲಿ ನಗು, ಮೂರನೇ ಪುಟದಲ್ಲಿ ಜೆಸಿಬಿ. ಮಗ ಓದಿ ವಾಪಸ್ ಕೊಟ್ಟ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದಂತೆ, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕಂತೆ. 150 ಪದ! ಆ ಲೈಸೆನ್ಸ್ ಪ್ರಶ್ನೆ ಒಂದಕ್ಕೇ ಸಾಲಲ್ಲ ನನಗೆ. ಇನ್ನು ಒಂದೇ ವಿಷಯ ಅಂದರೆ, ಗುಂಡಿ ಒಂದೇ ತಾನೇ? ಅಲ್ಲವಂತೆ. ರಸ್ತೆ ಒಂದು ವಿಷಯ, ಪೈಪ್ ಇನ್ನೊಂದು, ನೀರಿನ ಬಿಲ್ಲು ಮತ್ತೊಂದು ಅಂತ ವಾಪಸ್ ಕಳಿಸಬಹುದಂತೆ.

ಅದಕ್ಕೆ ದುಡ್ಡಿನ ವಿಷಯ ಒಂದನ್ನೇ ಇಟ್ಟುಕೊಂಡೆ. ನಮ್ಮ ಬೀದಿ ಅಗೆಯಲು ಯಾರು ಅನುಮತಿ ಪಡೆದರು, ಎಷ್ಟು ಕಟ್ಟಿದರು, ಅದರಲ್ಲಿ ಖರ್ಚಾಗಿದ್ದೆಷ್ಟು, ಉಳಿದದ್ದು ಯಾವ ಖಾತೆಯಲ್ಲಿದೆ, ದಾಖಲೆಗಳ ದೃಢೀಕೃತ ನಕಲು ಕೊಡಿ. ಬೈಗುಳ ಎಲ್ಲ ತೆಗೆದ ಮೇಲೆ 150ರ ಒಳಗೇ ಬಂತು. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡುತ್ತಾರಾ? ನನಗಂತೂ ನಂಬಿಕೆ ಇಲ್ಲ. ಕೊಟ್ಟರೂ "ಸದರಿ ಮಾಹಿತಿ ಈ ವಿಭಾಗಕ್ಕೆ ಸಂಬಂಧಿಸಿರುವುದಿಲ್ಲ" ಅಂತ ಒಂದು ಸಾಲು ಬರುತ್ತೆ. ಬರಲಿ. ಆ ಸಾಲಾದರೂ ಸಹಿ, ಸೀಲು ಹಾಕಿ ಬರಲಿ, ಮೈಕ್‌ನಲ್ಲಿ ಬೇಡ. ಮೇಲ್ಮನವಿ ಹಾಕುತ್ತೇನೆ.

ಟಪಾಲು ವಿಭಾಗದಲ್ಲಿ ಕೈಗೆ ಕೊಡಲ್ಲ, ಮತ್ತೆ ಲೈಸೆನ್ಸ್ ಕೇಳಿದರೆ ಕಷ್ಟ. ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಡಬೇಕು. ನಮ್ಮ ಪೋಸ್ಟಾಫೀಸಿನಲ್ಲಿ ಹತ್ತರದ್ದು ಸ್ಟಾಕ್ ಇಲ್ಲವಂತೆ. ಇಲ್ಲೇ ಸುತ್ತಮುತ್ತ ಎಲ್ಲಾದರೂ ಸಿಗುತ್ತಾ, ಯಾರಿಗಾದರೂ ಗೊತ್ತಿದ್ದರೆ ಹೇಳಿ.